ಗೋಡೆಗೆ ಹಾಕುವಂಥ ಒಂದು ಫೋಟೋ

ನಮ್ಮ ಬಳಗದಲ್ಲಿ ಯಾರಾದರೂ ಹಿರಿಯರು ತೀರಿಕೊಂಡರೆ ಎರಡು ಮೂರು ದಿನದೊಳಗೆ ನನಗೊಂದು ಫೋನ್ ಬರುತ್ತದೆ. 'ಕ್ಯಾಮೆರಾ ಇಟ್ಟುಕೊಂಡವನು' ಅನ್ನುವ ಹೆಸರು ಒಮ್ಮೆ ಬಿದ್ದರೆ ಮುಗೀತು, ಬಿಡುವುದಿಲ್ಲ. "ನಿನ್ನ ಹತ್ರ ದೊಡ್ಡಪ್ಪಂದು ಒಳ್ಳೆ ಫೋಟೋ ಇರ್ಬೇಕಲ್ಲೋ? ಕಾರ್ಯದ ದಿನ ಇಡೋಕೆ ಬೇಕು. ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿಬಿಡು." ಇಂಥ ಫೋನು ಮೊದಲೂ ಬರುತ್ತಿತ್ತು. ಆಗ ಕೆಲಸ ಸುಲಭ ಇತ್ತು. ಯಾವುದೋ ಮದುವೆಯ ನೆಗೆಟಿವ್ ಕವರ್ ಹುಡುಕಿ, ಕಿಟಕಿಗೆ ಹಿಡಿದು ನೋಡಿ, ಮುಖ ನೆಟ್ಟಗೆ ಬಂದಿರುವ ಒಂದು ಫ್ರೇಮಿಗೆ ಗುರುತು ಹಾಕಿ ಸ್ಟುಡಿಯೋಗೆ ಕೊಟ್ಟರೆ ಆಯ್ತು. ಉಳಿದದ್ದು ಅವರ ತಲೆನೋವು.

ಈಗ ಬಳಗದ ವಾಟ್ಸಾಪ್ ಗುಂಪಿನಿಂದ ರಾಶಿ ರಾಶಿ ಫೋಟೋ ಬಂದು ಬೀಳುತ್ತವೆ. ದೊಡ್ಡಪ್ಪ ಊಟದ ಎಲೆ ಮುಂದೆ. ದೊಡ್ಡಪ್ಪ ಮೊಮ್ಮಗಳ ಸೆಲ್ಫಿಯ ಮೂಲೆಯಲ್ಲಿ, ಅರ್ಧ ಮುಖ. ದೊಡ್ಡಪ್ಪ ಬ್ಯೂಟಿ ಫಿಲ್ಟರ್‌ಗೆ ಸಿಕ್ಕಿ ಕೆನ್ನೆಯ ಸುಕ್ಕೆಲ್ಲ ಮಾಯವಾಗಿ ಯಾರೋ ಟಿವಿ ಧಾರಾವಾಹಿಯವರ ಹಾಗೆ. ಹಿಗ್ಗಿಸಿದರೆ ಕಣ್ಣಿನ ಜಾಗದಲ್ಲಿ ಚೌಕ ಚೌಕ ಕಾಣುತ್ತವೆ. ಕೊನೆಗೆ ಅವರ ಮನೆಯ ಗೋಡೆಗೆ ಹೋದದ್ದು ತೊಂಬತ್ತರ ದಶಕದ ಒಂದು ನೆಗೆಟಿವ್‌ನಿಂದ ತೆಗೆಸಿದ ಪ್ರಿಂಟ್. ಕಪ್ಪು ಕೂದಲು, ದಪ್ಪ ಮೀಸೆ. ಮೊಮ್ಮಕ್ಕಳು ನೋಡಿ "ಇದು ಯಾರು?" ಅಂದವು.

ಅವತ್ತಿನಿಂದ ನನಗೆ ಇದೇ ಕೊರೆಯುತ್ತಿದೆ. ಬದುಕಿನ ಕೊನೆಯ ಹದಿನೈದಿಪ್ಪತ್ತು ವರ್ಷ ಆ ಮನುಷ್ಯನ ಮುಂದೆ ಯಾವಾಗಲೂ ಒಂದಲ್ಲ ಒಂದು ಕ್ಯಾಮೆರಾ ಇತ್ತು. ಆದರೂ ಗೋಡೆಗೆ ಹಾಕುವಂಥ ಒಂದು ಫೋಟೋ ಹುಟ್ಟಲಿಲ್ಲ. ಪಿಕ್ಸೆಲ್ ಸಾಲದು ಅಂತ ಸುಮ್ನೆ ಹೇಳಿ ಕೈ ತೊಳೆದುಕೊಳ್ಳಬಹುದು. ನನಗೆ ಹಾಗನ್ನಿಸುವುದಿಲ್ಲ. ರೀಲಿನ ಕಾಲದಲ್ಲಿ ನಾವು ಒತ್ತಿದ ಬಟನ್ನಿಗೂ ಕೈಗೆ ಬರುವ ಕಾಗದಕ್ಕೂ ನಡುವೆ ಒಬ್ಬ ಮನುಷ್ಯ ಕೂತಿರುತ್ತಿದ್ದ. ಚಿತ್ರ ನೋಡಿ ಇದು ಹೀಗೆ ಬರಬೇಕು ಅಂತ ತೀರ್ಮಾನ ಮಾಡುವುದು ಅವನ ಕೆಲಸ. ಡಿಜಿಟಲ್ ಬಂದಾಗ ಆ ಕೆಲಸ ಯಾರೂ ಹೇಳದೆ ಕೇಳದೆ ನಮ್ಮ ತಲೆಗೆ ಬಂತು. ನಾವು ಕ್ಯಾಮೆರಾದ ಬೆಲೆ ನೋಡುತ್ತಾ ಕೂತಿದ್ದೆವು.

ಕೆಂಪು ದೀಪದ ಕೋಣೆ

ಸಾಗರದಲ್ಲಿ ಕಾಲೇಜು ಓದುವಾಗ ಬಸ್ಸಿಗೆ ಕಾಯುವ ನೆಪದಲ್ಲಿ ನಾನು ಹೋಗಿ ಕೂರುತ್ತಿದ್ದ ಒಂದು ಸ್ಟುಡಿಯೋ ಇತ್ತು. ಮಾಲೀಕರನ್ನು ಎಲ್ಲರೂ ಮಾಸ್ಟ್ರು ಅನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಹಿಂದಿನ ಕತ್ತಲೆ ಕೋಣೆಯ ಶೆಲ್ಫಿನಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಬ್ರ್ಯಾಂಡಿನ ಡಬ್ಬಿಗಳು, ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆ, ಗೋಡೆಯ ಮೂಲೆಯಲ್ಲಿ ಮಲೆನಾಡಿನ ಎಲ್ಲ ಗೋಡೆಗೂ ಇರುವ ಹಸಿರು ಪಾಚಿ. ಬಣ್ಣದ ಫೋಟೋ ಊರಿಗೆ ಬಂದು ವರ್ಷಗಳೇ ಆಗಿದ್ದವು. ಪಾಸ್‌ಪೋರ್ಟ್ ಫೋಟೋ ಮತ್ತು ತಮ್ಮ ಸ್ವಂತ ಖುಷಿಗೆ ಮಾತ್ರ ಅವರು ಕಪ್ಪು ಬಿಳುಪು ಉಳಿಸಿಕೊಂಡಿದ್ದರು.

ಒಂದು ಮಧ್ಯಾಹ್ನ ಅವರು ಒಬ್ಬ ಅಜ್ಜನ ಫೋಟೋ ಪ್ರಿಂಟ್ ಮಾಡುತ್ತಿದ್ದರು. ಅಜ್ಜ ಅಡಿಕೆ ತೋಟದ ಅಂಚಿನಲ್ಲಿ ನಿಂತಿದ್ದಾನೆ. ಮುಖ ನೆರಳಿನಲ್ಲಿ, ಬಿಳಿ ಪಂಚೆಯ ಮೇಲೆ ಬಿಸಿಲು. ಮುಖಕ್ಕೆ ಸರಿಯಾಗುವಷ್ಟು ಬೆಳಕು ಕೊಟ್ಟರೆ ಪಂಚೆ ಬರೀ ಬಿಳಿ ಕಾಗದ, ಮಡಿಕೆ ಇಲ್ಲ, ಅಂಚಿಲ್ಲ. ಪಂಚೆಗೆ ಸರಿ ಮಾಡಿದರೆ ಮುಖ ಮಸಿ. ಮಾಸ್ಟ್ರು ಮೊದಲು ಕಾಗದದ ಸಣ್ಣ ಪಟ್ಟಿ ಕತ್ತರಿಸಿ ಮುಖದ ಜಾಗದಲ್ಲಿ ಇಟ್ಟು ನೋಡಿದರು. ಆಮೇಲೆ ಪಂಚೆಯ ಜಾಗದಲ್ಲಿ ಇನ್ನೊಂದು ಪಟ್ಟಿ. ಕೊನೆಗೆ ಪೂರ್ತಿ ಕಾಗದ ಹಾಕಿ ಎನ್‌ಲಾರ್ಜರಿನ (ನೆಗೆಟಿವ್ ಚಿತ್ರವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಯಂತ್ರದ) ದೀಪ ಹಚ್ಚಿ, ಬಾಯಲ್ಲೇ ಲೆಕ್ಕ ಹಾಕುತ್ತಾ, ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಅಜ್ಜನ ಮುಖದ ಮೇಲೆ ಆಡಿಸತೊಡಗಿದರು. ಒಂದೇ ಕಡೆ ಹಿಡಿದರೆ ಗುರುತು ಬೀಳುತ್ತದೆ, ಅದಕ್ಕೆ ಆಡಿಸುತ್ತಲೇ ಇರಬೇಕು. ಅದಾದ ಮೇಲೆ ಎರಡೂ ಕೈ ಜೋಡಿಸಿ ನಡುವೆ ಒಂದು ಕಿಂಡಿ ಬಿಟ್ಟು ಪಂಚೆಯ ಮೇಲಷ್ಟೇ ಬೆಳಕು ಬೀಳುವ ಹಾಗೆ ಹಿಡಿದರು. "ಇಲ್ಲಿ ಎಲ್ಲಾ ಉಲ್ಟಾ ಮಾರಾಯ. ಬೆಳಕು ಜಾಸ್ತಿ ತಿಂದಿದ್ದು ಕಪ್ಪಾಗ್ತದೆ" ಅಂದರು. ಟ್ರೇಯಲ್ಲಿ ಪಂಚೆಯ ಮಡಿಕೆ ಒಂದೊಂದೇ ಮೂಡಿಕೊಂಡು ಬಂತು.

ನನಗೆ ಚೆನ್ನಾಗೇ ಬಂದಿದೆ ಅನ್ನಿಸಿತು. ಅವರು ಹಸಿ ಪ್ರಿಂಟನ್ನು ಹೊರಗೆ ಬಾಗಿಲ ಹತ್ತಿರ ತಂದು, ಮಳೆಗಾಲದ ಮಂಕು ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ ಇನ್ನೊಂದು ಮಾಡಬೇಕು ಅಂದರು. ಯಾಕೆ ಅಂದೆ. "ಒಣಗಿದ ಮೇಲೆ ಇನ್ನೊಂಚೂರು ಕಪ್ಪಾಗ್ತದೆ. ಅವರ ಮನೆ ಜಗುಲಿ ನೋಡಿದೀಯಾ? ಹಗಲಲ್ಲೂ ಕತ್ತಲೆ." ಕಾಗದ ಯಾವ ಗೋಡೆಗೆ ಹೋಗುತ್ತದೆ ಅನ್ನುವುದೂ ಅವರ ಲೆಕ್ಕದಲ್ಲಿತ್ತು. ಈ ಮಾತು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ, ಕಂಪ್ಯೂಟರ್ ಮುಂದೆ ಕೂತಾಗ.

(ಬೆಂಗಳೂರಿನಲ್ಲಿ ಇದನ್ನೇ ಕಲೆಯ ಮಟ್ಟಕ್ಕೆ ಒಯ್ದವರು ಇದ್ದರು. 2017ರಲ್ಲಿ ತೀರಿಕೊಂಡ ಟಿ.ಎನ್.ಎ. ಪೆರುಮಾಳ್ ಅವರ ಕಾಡುಪ್ರಾಣಿಗಳ ಕಪ್ಪು ಬಿಳುಪು ಚಿತ್ರ ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಅಂಥವರ ಫೋಟೋ ಅಂದರೆ ಪ್ರಿಂಟೇ. ಬೇರೆ ರೂಪ ಅದಕ್ಕಿರಲಿಲ್ಲ.)

ಬಣ್ಣದ ರೀಲಿನಲ್ಲಿ ಈ ಕೈಚಳಕ ಕಮ್ಮಿ ಆಯ್ತು, ನಿಜ. ಬಣ್ಣದ ನೆಗೆಟಿವ್ ತೊಳೆಯುವ ಸಿ-41 ಅನ್ನುವ ವಿಧಾನದಲ್ಲಿ ಡೆವಲಪರ್ ದ್ರಾವಣ 37.8 ಡಿಗ್ರಿ ಇರಬೇಕು, 3 ನಿಮಿಷ 15 ಸೆಕೆಂಡು. ಪ್ರಪಂಚದ ಯಾವ ಊರಿನಲ್ಲಿ ತೊಳೆಸಿದರೂ ಅಷ್ಟೇ. ಆದರೆ ತೊಳೆದ ನೆಗೆಟಿವ್ ಕಾಗದಕ್ಕೆ ಇಳಿಯುವಾಗ ಮತ್ತೆ ಒಬ್ಬ ಮನುಷ್ಯ ಬೇಕಿತ್ತು. ಮಿನಿಲ್ಯಾಬಿನ (ಅಂಗಡಿಯಲ್ಲೇ ಇಟ್ಟ ಪ್ರಿಂಟಿಂಗ್ ಮೆಷಿನ್ನಿನ) ಹುಡುಗ ಒಂದೊಂದೇ ಫ್ರೇಮ್ ನೋಡಿ ಸಯಾನ್, ಮಜೆಂಟಾ, ಹಳದಿ, ಡೆನ್ಸಿಟಿ ಅಂತ ಗುಂಡಿ ಒತ್ತುತ್ತಿದ್ದ. ಟಕ ಟಕ ಅಂತ ಎರಡು ಪ್ಲಸ್, ಒಂದು ಮೈನಸ್, ಮುಂದಿನದು. ನಾವು ಬಿಸಿಲಿಗೆ ತಪ್ಪು ಅಪರ್ಚರ್ ಇಟ್ಟಿದ್ದು, ಟ್ಯೂಬ್‌ಲೈಟಿನಲ್ಲಿ ಹಸಿರು ಹೊಡೆದದ್ದು, ಎಲ್ಲ ಅಲ್ಲಿ ಸರಿಯಾಗಿ ಮ್ಯಾಕ್ಸಿ ಸೈಜಿನ ಫೋಟೋ ಕೈಗೆ ಬರುತ್ತಿತ್ತು. ನಾವು 'ಆಹಾ, ಎಂಥ ಫೋಟೋ ತೆಗೆದೆ' ಅಂತ ಮೀಸೆ ತಿರುವುತ್ತಿದ್ದೆವು.

ಬಿಳಿ ಪಂಚೆ, ಮಲ್ಲಿಗೆ ಮತ್ತು ಸೆನ್ಸರ್

ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಿತ್ತಂತೆ. ಅದೇ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ನಮ್ಮಂಥವರ ಕೈಗೆ ಎಟುಕುವ, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಎಸ್‌ಎಲ್‌ಆರ್ ಬಂದದ್ದು 2003-04ರಲ್ಲಿ, ಕ್ಯಾನನ್ 300ಡಿ ಮತ್ತು ನಿಕಾನ್ ಡಿ70 ಬಂದಾಗ. ಎರಡೂ ಸುಮಾರು 6 ಮೆಗಾಪಿಕ್ಸೆಲ್.

ರೀಲಿನ ಕೈ ಅಭ್ಯಾಸವನ್ನು ಹಾಗೇ ತಂದವರಿಗೆ ಇಲ್ಲಿ ಮೊದಲ ಏಟು ಬಿಳಿ ಬಣ್ಣದಿಂದಲೇ ಬಿತ್ತು. ಕಲರ್ ನೆಗೆಟಿವ್ ಧಾರಾಳಿ. ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಜಾಸ್ತಿ ಬೆಳಕು ಬಿದ್ದರೂ ಸಹಿಸಿಕೊಳ್ಳುತ್ತದೆ, ಬಿಳಿ ಬಟ್ಟೆಯ ಮಡಿಕೆ ಎಲ್ಲೋ ಒಳಗೆ ಉಳಿದಿರುತ್ತದೆ, ಲ್ಯಾಬಿನವನು ಹೊರಗೆ ತೆಗೆಯುತ್ತಾನೆ. ಅದಕ್ಕೇ ಹಳಬರು 'ಡೌಟ್ ಇದ್ರೆ ಒಂದು ಸ್ಟಾಪ್ ಜಾಸ್ತಿ ಕೊಡು' ಅನ್ನುತ್ತಿದ್ದರು. ಡಿಜಿಟಲ್ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಹಾಗಲ್ಲ. ತುಂಬಿದ ಮೇಲೆ ತುಂಬಿತು, ಆಮೇಲೆ ಬಂದ ಬೆಳಕಿಗೆ ಅಲ್ಲಿ ಲೆಕ್ಕವೇ ಇಲ್ಲ. ಮದುವೆಮನೆಯನ್ನು ನೆನಪು ಮಾಡಿಕೊಳ್ಳಿ. ವರನ ಬಿಳಿ ಪಂಚೆ, ವಧುವಿನ ಜಡೆಗೆ ಮಲ್ಲಿಗೆ, ಸೀರೆಗೆ ಜರಿ, ಮೇಲೆ ವಿಡಿಯೋದವನ ಲೈಟು. ಸೆನ್ಸರಿಗೆ ಕಷ್ಟವಾದದ್ದೆಲ್ಲ ನಮ್ಮ ಮಂಟಪದಲ್ಲೇ ಸೇರಿರುತ್ತದೆ. ಪರದೆ ಮೇಲೆ ಆ ಬಿಳಿ ಪಳಪಳ ಹೊಳೆದು ಚೆಂದವೇ ಕಾಣುತ್ತದೆ. ಕಾಗದಕ್ಕೆ ಬಂದಾಗ ಮಲ್ಲಿಗೆ ದಂಡೆ ಇದ್ದ ಕಡೆ ಕತ್ತರಿಯಲ್ಲಿ ತೂತು ಮಾಡಿದ ಹಾಗೆ. ಯಾಕೆಂದರೆ ಅಲ್ಲಿ ಇಂಕೂ ಬೀಳುವುದಿಲ್ಲ, ಬಣ್ಣವೂ ಹತ್ತುವುದಿಲ್ಲ, ಕಾಣುವುದು ಬರೀ ಕಾಗದ.

ಹಾಗಾಗಿ ಡಿಜಿಟಲ್‌ನಲ್ಲಿ ಬಿಳುಪನ್ನು ಕಾಪಾಡಿಕೊಂಡು, ನೆರಳನ್ನು ಆಮೇಲೆ ಎತ್ತಬೇಕು. ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸಿಟ್ಟ ಫೈಲ್) ಇದ್ದರೆ ನೆರಳಿನಿಂದ ಎಷ್ಟೋ ತೆಗೆಯಬಹುದು. ನೆಗೆಟಿವ್ ಬದಲು ನೇರ ಚಿತ್ರವೇ ಬರುವ ಸ್ಲೈಡ್ ಫಿಲ್ಮ್ ಕೂಡ ಹೆಚ್ಚಿನ ಬೆಳಕು ಸಹಿಸುತ್ತಿರಲಿಲ್ಲ, ಅದನ್ನು ಬಳಸಿದವರಿಗೆ ಇದು ಹೊಸದಾಗಿರಲಿಲ್ಲ. ನಮ್ಮೂರಲ್ಲಿ ಸ್ಲೈಡ್ ಬಳಸಿದವರು ಎಷ್ಟು ಜನ ಇದ್ದರು, ಹೇಳಿ.

ಸೇವಂತಿಗೆ ರಾಶಿ

ಬೆಂಗಳೂರಿಗೆ ಬಂದ ಮೇಲೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಕ್ಯಾಮೆರಾ ಹಿಡಿದು ಹೋಗುವ ಚಟ ನನಗೂ ಹತ್ತಿತು. ಮೊದಲ ಮಹಡಿಯಿಂದ ಕೆಳಗೆ ನೋಡಿದರೆ ಹೂವಿನ ರಾಶಿಗಳು. ಅಲ್ಲಿಂದ ತೆಗೆದ ಒಂದು ಚಿತ್ರ ನನಗೆ ತುಂಬ ಇಷ್ಟ. ಫ್ರೇಮ್ ತುಂಬ ಹಳದಿ ಸೇವಂತಿಗೆ, ನಡುವೆ ಮಾಸಲು ಕೆಂಪು ಸೀರೆಯ ಒಬ್ಬ ಹೆಂಗಸು ತಕ್ಕಡಿ ಹಿಡಿದು ಮೇಲೆ ನೋಡುತ್ತಿದ್ದಾಳೆ. ಪ್ರಿಂಟ್ ಹಾಕಿಸಲು ಕೊಟ್ಟೆ. ಬಂದದ್ದರಲ್ಲಿ ಹೂವು ಬಾಡಿದ ಹಾಗಿತ್ತು, ಹೆಂಗಸಿನ ಮುಖ ನೀಲಿ ತಿರುಗಿತ್ತು. ಹುಷಾರಿಲ್ಲದವಳ ಹಾಗೆ.

ಕೌಂಟರಿನ ಹುಡುಗನಿಗೆ ತೋರಿಸಿದರೆ "ಸಾರ್, ಕರೆಕ್ಷನ್ ಮೆಷಿನ್ನೇ ಮಾಡ್ಕೊಳತ್ತೆ" ಅಂದ. ಅದೇ ತೊಂದರೆ. ಯಾವ ಫೋಟೋದಲ್ಲೂ ಎಲ್ಲ ಬಣ್ಣ ಹೆಚ್ಚು ಕಮ್ಮಿ ಸಮನಾಗಿ ಇರುತ್ತದೆ ಅಂತ ಮೆಷಿನ್ ಅಂದುಕೊಳ್ಳುತ್ತದೆ. ಒಂದೇ ಬಣ್ಣ ಜಾಸ್ತಿ ಕಂಡರೆ ಎಲ್ಲೋ ತಪ್ಪಾಗಿದೆ ಅಂತ ಅದರ ವಿರುದ್ಧದ ಬಣ್ಣ ಸುರಿಯುತ್ತದೆ. ಹಳದಿಗೆ ನೀಲಿ. ಗದ್ದೆಯ ಹಸಿರಿಗೆ ಮಜೆಂಟಾ. ನಾಟಿ ಮಾಡುವ ಹೆಂಗಸರ ಮುಖ ಪ್ರಿಂಟಿನಲ್ಲಿ ಕೆಂಪಗಾಗಿರುವುದನ್ನು ನೀವೂ ನೋಡಿರುತ್ತೀರಿ. ಈ ಗುಣ ರೀಲಿನ ಕಾಲದ ಮೆಷಿನ್ನಿಗೂ ಇತ್ತು. ಆಗ ಗುಂಡಿ ಒತ್ತುವವನು ಹೂವನ್ನು ಹೂವು ಅಂತ ಗುರುತು ಹಿಡಿದು ಸರಿ ಮಾಡುತ್ತಿದ್ದ. ಈಗ ಪೆನ್‌ಡ್ರೈವ್ ಹಾಕಿ, ಎಲ್ಲ ಸೆಲೆಕ್ಟ್ ಮಾಡಿ, ಪ್ರಿಂಟ್ ಅಂತ ಒತ್ತಿದರೆ ಮುಗಿಯಿತು.

ಹುಡುಗ ಒಳ್ಳೆಯವನು. ಕರೆಕ್ಷನ್ ಆಫ್ ಮಾಡಿ ಇನ್ನೊಂದು ತೆಗೆದು ಕೊಟ್ಟ. ಹೂವು ಹೂವಾಯಿತು. "ಯಾರೂ ವಾಪಸ್ ಬಂದು ಕೇಳಲ್ಲ ಸಾರ್" ಅಂತಲೂ ಹೇಳಿದ. ಅಲ್ಲಿಂದ ಮುಂದೆ ನಾನು ಲ್ಯಾಬಿಗೆ ಏನೇ ಕೊಟ್ಟರೂ 'ನೋ ಕರೆಕ್ಷನ್' ಅಂತ ಕವರ್ ಮೇಲೆ ದಪ್ಪಕ್ಷರದಲ್ಲಿ ಬರೆದು ಕೊಡುತ್ತೇನೆ. ಫೈಲ್ ಎಸ್‌ಆರ್‌ಜಿಬಿ ಅನ್ನುವ ಮಾಮೂಲಿ ಬಣ್ಣದ ಅಳತೆಯಲ್ಲೇ ಇರಬೇಕು, ಅದೂ ಗಟ್ಟಿ. ಅಡೋಬಿ ಆರ್‌ಜಿಬಿ ಅನ್ನುವ ಇನ್ನೊಂದು ಅಳತೆಯಲ್ಲಿ ಬಣ್ಣ ಜಾಸ್ತಿ ಅಂತ ಓದಿ ಹಾಗೇ ಕೊಟ್ಟರೆ, ಹೆಚ್ಚಿನ ಲ್ಯಾಬ್‌ಗಳ ಮೆಷಿನ್ ಅದನ್ನು ಎಸ್‌ಆರ್‌ಜಿಬಿ ಅಂತಲೇ ಓದಿ ಬಣ್ಣ ಕಳೆಗುಂದಿಸುತ್ತದೆ. ಇನ್ನೊಂದು ವಿಷಯ ಹೇಳಬೇಕು. ಲ್ಯಾಬಿನಿಂದ ಬರುವ 'ಡಿಜಿಟಲ್ ಪ್ರಿಂಟ್' ಬಹಳ ಸಲ ಹಳೆಯ ಜಾತಿಯ ಬೆಳ್ಳಿ ಲವಣದ ಕಾಗದವೇ. ಫ್ರಾಂಟಿಯರ್, ನೊರಿತ್ಸು ಮೆಷಿನ್ನಿನೊಳಗೆ ಲೇಸರ್ ಕಿರಣ ಅದರ ಮೇಲೆ ಚಿತ್ರ ಬರೆಯುತ್ತದೆ, ಆಮೇಲೆ ಅದೇ ಕೆಮಿಕಲ್ ತೊಳೆತ. ಅಂದರೆ ಕಾಗದವೂ ಕೆಮಿಕಲ್ಲೂ ಎಲ್ಲಿಗೂ ಹೋಗಿರಲಿಲ್ಲ.

ಮನುಷ್ಯ ಕೂತಿದ್ದರೆ ಎಲ್ಲ ಸರಿ ಅಂತಲೂ ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಪ್ರಿಂಟಿಂಗ್ ಮೆಷಿನ್‌ಗಳನ್ನು ಸರಿಹೊಂದಿಸಲು ಕೊಡಾಕ್‌ನವರು ದಶಕಗಳ ಕಾಲ ಕೊಡುತ್ತಿದ್ದ ಮಾದರಿ ಫೋಟೋಗೆ ಶೆರ್ಲಿ ಕಾರ್ಡ್ ಅಂತ ಹೆಸರು. ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಮುಖ. ಆ ಮುಖದ ಬಣ್ಣ ಸರಿಯಾದರೆ ಎಲ್ಲ ಸರಿ. ನಮ್ಮಂಥ ಬಣ್ಣದವರು ಆ ಲೆಕ್ಕದಲ್ಲಿ ಇರಲಿಲ್ಲ. ನಮ್ಮಲ್ಲೋ, ಕೇಳುವುದೇ ಬೇಡ. ಕೇಳದೆಯೇ ಮುಖ ಬೆಳ್ಳಗೆ ಮಾಡಿ ಕೊಡುವುದು ನಮ್ಮ ಎಷ್ಟೋ ಲ್ಯಾಬುಗಳಲ್ಲಿ ಸೇವೆ ಅಂತ ಲೆಕ್ಕ. ನಮ್ಮತ್ತೆಯ ಷಷ್ಟಿಪೂರ್ತಿಯ ಫೋಟೋಗಳನ್ನು ಒಬ್ಬರು ಹೀಗೇ 'ಚೆಂದ' ಮಾಡಿ ಕೊಟ್ಟಿದ್ದರು. ಕುತ್ತಿಗೆ ಅತ್ತೆಯದು, ಮುಖ ಬೇರೆ ಯಾರದೋ. ಅತ್ತೆ ಆಲ್ಬಂ ನೋಡಿ ಏನೂ ಹೇಳದೆ ಎತ್ತಿಟ್ಟರು.

ಪರದೆಗೆ ಒಂದು ಬೆಳಕು, ಕಾಗದಕ್ಕೆ ಇನ್ನೊಂದು

'ಮೊಬೈಲಲ್ಲಿ ಚೆನ್ನಾಗಿತ್ತು, ಪ್ರಿಂಟ್ ಕಪ್ಪಾಗಿ ಬಂತು.' ಡಿಜಿಟಲ್ ಪ್ರಿಂಟ್ ಬಗ್ಗೆ ನಾನು ಅತಿ ಹೆಚ್ಚು ಕೇಳಿದ ದೂರು ಇದು. ರೀಲಿನ ಕಾಲದಲ್ಲಿ ಈ ದೂರು ಹುಟ್ಟುವುದೇ ಸಾಧ್ಯ ಇರಲಿಲ್ಲ. ಪ್ರಿಂಟ್ ಬರುವ ತನಕ ಚಿತ್ರವನ್ನು ಯಾರೂ ನೋಡಿಯೇ ಇರುತ್ತಿರಲಿಲ್ಲವಲ್ಲ. ಹೋಲಿಸಲು ಇನ್ನೊಂದು ಇರಲಿಲ್ಲ. ಈಗ ಪರದೆಯ ಚಿತ್ರವನ್ನು ನೂರು ಸಲ ನೋಡಿ ಕಣ್ಣು ಅದಕ್ಕೇ ಒಗ್ಗಿಹೋದ ಮೇಲೆ ಕಾಗದ ಬರುತ್ತದೆ. ಪರದೆ ತಾನೇ ಬೆಳಕು ಸೂಸುತ್ತದೆ. ಕಾಗದ ಕೋಣೆಯಲ್ಲಿ ಇರುವ ಬೆಳಕನ್ನೇ ವಾಪಸ್ ಕೊಡಬೇಕು. ಟ್ಯೂಬ್‌ಲೈಟಿನ ಕೋಣೆಯಲ್ಲಿ ನೇತುಹಾಕಿದ ಕಾಗದ, ಪೂರ್ತಿ ಬ್ರೈಟ್‌ನೆಸ್ ಇಟ್ಟ ಮೊಬೈಲಿನ ಎದುರು ಗೆಲ್ಲುವುದಿಲ್ಲ.

ಮಾಸ್ಟ್ರು ಹಸಿ ಪ್ರಿಂಟನ್ನು ಬಾಗಿಲಿಗೆ ತಂದದ್ದು ನೆನಪಾಗುವುದು ಇಲ್ಲೇ. ನಾನು ಈಗ ಮಾಡುವುದು ಇಷ್ಟು. ಮಾನಿಟರಿನ ಬೆಳಕನ್ನು ಪಕ್ಕದಲ್ಲಿಟ್ಟ ಬಿಳಿ ಹಾಳೆಯ ಮಟ್ಟಕ್ಕೆ ಬರುವ ತನಕ ಇಳಿಸುತ್ತೇನೆ. ಮೊದಮೊದಲು ಮಂಕು ಅನ್ನಿಸುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ದೊಡ್ಡ ಪ್ರಿಂಟ್ ಹಾಕಿಸುವ ಮೊದಲು ಚಿತ್ರದ ಮುಖ್ಯವಾದ ಜಾಗ, ಸಾಮಾನ್ಯವಾಗಿ ಮುಖ ಮತ್ತು ಅತಿ ಬಿಳಿಯಾದ ಬಟ್ಟೆ, ಇಷ್ಟನ್ನೇ ಕತ್ತರಿಸಿ, ಒಂದು 8×12 ಹಾಳೆಯಲ್ಲಿ ಬೇರೆ ಬೇರೆ ಬ್ರೈಟ್‌ನೆಸ್‌ನಲ್ಲಿ ಸಾಲಾಗಿ ಜೋಡಿಸಿ ಒಂದು ಪ್ರಿಂಟ್ ತೆಗೆಸುತ್ತೇನೆ. ಮಾಸ್ಟ್ರ ಪಟ್ಟಿಯೇ ಇದು. ಪ್ರತಿ ತುಂಡಿನ ಕೆಳಗೆ ಎಷ್ಟು ಏರಿಸಿದ್ದು ಅಂತ ಸಣ್ಣಗೆ ಬರೆದಿರುತ್ತೇನೆ. ಆ ಹಾಳೆಯನ್ನು ಫೋಟೋ ನೇತು ಹಾಕುವ ಗೋಡೆಯ ಮೇಲೆ, ಸಂಜೆ ದೀಪ ಹಚ್ಚಿದ ಮೇಲೆ ಹಿಡಿದು ನೋಡಿದರೆ ಯಾವುದು ಸರಿ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಹಳ ಸಲ ಪರದೆಯಲ್ಲಿ 'ಅಯ್ಯೋ, ಜಾಸ್ತಿ ಆಯ್ತು' ಅನ್ನಿಸಿದ ತುಂಡೇ ಗೋಡೆಯಲ್ಲಿ ಸರಿ ಕಾಣುತ್ತದೆ. ಮಾನಿಟರಿನ ಬಣ್ಣ ಅಳೆದು ಸರಿ ಮಾಡುವ ಕ್ಯಾಲಿಬ್ರೇಟರ್ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಆದರೆ ಕ್ಯಾಲಿಬ್ರೇಟರ್ ಇಟ್ಟುಕೊಂಡು ಪ್ರಿಂಟನ್ನೇ ಹಾಕಿಸದವರನ್ನೂ ನೋಡಿದ್ದೇನೆ.

ಮನೆಯಲ್ಲೇ ಇಂಕ್‌ಜೆಟ್ ಇಟ್ಟುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಪಿಗ್ಮೆಂಟ್ ಇಂಕ್, ಒಳ್ಳೆ ಮ್ಯಾಟ್ ಕಾಗದ, ಫಲಿತಾಂಶ ನಿಜಕ್ಕೂ ಚೆಂದ. ಆದರೆ ಆಗಾಗ ಬಳಸದೆ ಸುಮ್ನೆ ಬಿಟ್ಟರೆ ಇಂಕ್ ಚಿಮ್ಮಿಸುವ ಹೆಡ್ ಕಟ್ಟಿಕೊಳ್ಳುತ್ತದೆ, ತೊಳೆಯಲು ಇಂಕೇ ಖರ್ಚಾಗುತ್ತದೆ. ತಿಂಗಳಿಗೊಂದು ಫೋಟೋ ತೆಗೆಸುವವರಿಗೆ ಲ್ಯಾಬೇ ವಾಸಿ.

ಸೈಜಿನ ಲೆಕ್ಕ

ಡಿ70ಯ ಫೈಲ್ 3008×2000 ಪಿಕ್ಸೆಲ್. 12×18 ಇಂಚಿಗೆ ಹರಡಿದರೆ ಇಂಚಿಗೆ 167 ಪಿಕ್ಸೆಲ್ ಬರುತ್ತದೆ. ಪುಸ್ತಕದ ಪ್ರಕಾರ 300 ಬೇಕು. ಹಾಗೆ ತೆಗೆಸಿದ ಪ್ರಿಂಟ್ ನಮ್ಮ ಮನೆಯ ಹಾಲ್‌ನಲ್ಲಿ ಇದೆ, ಸೋಫಾದಿಂದ ನೋಡಿದವರು ಯಾರೂ ಕೊರತೆ ಹೇಳಿಲ್ಲ. ಕೈಯಲ್ಲಿ ಹಿಡಿದು ನೋಡುವುದಕ್ಕೆ 300, ಗೋಡೆಗೆ ಅದರರ್ಧವಾದರೂ ನಡೆಯುತ್ತದೆ. ಅದೇ, ಇವತ್ತಿನ ಮೊಬೈಲಿನ ಫೋಟೋ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 18 ಇಂಚಿಗೆ ಹರಡಿ ನೋಡಿ, 90 ಕೂಡ ಬರುವುದಿಲ್ಲ. ಮೇಲಿಂದ ಜೆಪಿಇಜಿ ಒತ್ತಿ ಒತ್ತಿ ಚರ್ಮದ ಗೆರೆಗಳೆಲ್ಲ ಕಲಸಿರುತ್ತವೆ. ಇಪ್ಪತ್ತು ವರ್ಷ ಹಳೆಯ ಕ್ಯಾಮೆರಾದ ಫೈಲು ಗೆಲ್ಲುವುದು ಹೀಗೆ. ಕಳಿಸುವುದಿದ್ದರೆ 'ಡಾಕ್ಯುಮೆಂಟ್' ಅಂತ ಕಳಿಸಿ ಅಂತ ಬಳಗದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ.

ಇನ್ನು ಆಕಾರ. 35 ಎಂಎಂ ಫ್ರೇಮ್ 24×36, ಅಂದರೆ ಎರಡಕ್ಕೆ ಮೂರು. 4×6, 8×12, 12×18 ಎಲ್ಲ ಅದಕ್ಕೆ ಸರಿಯಾಗಿ ಕೂರುತ್ತವೆ. ಮೊಬೈಲು ಮೂರಕ್ಕೆ ನಾಲ್ಕು. ಅದನ್ನು 12×18ಕ್ಕೆ ಕೊಟ್ಟರೆ ಒಂಬತ್ತರಲ್ಲಿ ಒಂದು ಪಾಲು ಕತ್ತರಿಗೆ ಹೋಗುತ್ತದೆ. ಗುಂಪು ಫೋಟೋದಲ್ಲಿ ತುದಿಯಲ್ಲಿ ನಿಂತ ಭಾವನ ಪಾದವೋ, ಹಿಂದಿನ ಸಾಲಿನ ತಲೆಗಳೋ. 6×8 ಅಥವಾ 12×16 ಕೇಳಿದರೆ ಪೂರ್ತಿ ಬರುತ್ತದೆ. ಲ್ಯಾಬಿನವರು ಹೇಳುವುದಿಲ್ಲ, ಕೇಳಬೇಕು.

ದೊಡ್ಡಪ್ಪನ ಕಾರ್ಯ ಮುಗಿದ ಮೇಲೆ ನಾನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ಊರಿಗೆ ಹೋದಾಗ ಇರುವ ಹಿರಿಯರನ್ನೆಲ್ಲ ಒಬ್ಬೊಬ್ಬರನ್ನೇ ಜಗುಲಿಯ ಬಾಗಿಲ ಬೆಳಕಿನಲ್ಲಿ ಕೂರಿಸಿ ಒಂದು ಫೋಟೋ ತೆಗೆಯುವುದು, ಸರಿಯಾಗಿ ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡುವುದು. ಸುಲಭ ಅಂದುಕೊಂಡಿದ್ದೆ. "ಈಗಲೇ ದೊಡ್ಡ ಫೋಟೋ ಯಾಕೋ? ನನ್ನ ಕಳಿಸೋಕೆ ಅಷ್ಟು ಆತುರನಾ?" ಅಂತ ಚಿಕ್ಕಪ್ಪ ಮೊದಲೇ ಜಗಳ ತೆಗೆದರು. ಫೋಟೋ ನೋಡಿದ ಮೇಲೆ ಮುಖವೇನೋ ಒಪ್ಪಿಗೆಯಾಯಿತು, ಕಾಗದ ಒಪ್ಪಿಗೆಯಾಗಲಿಲ್ಲ. ನಾನು ಮ್ಯಾಟ್‌ನಲ್ಲಿ ಹಾಕಿಸಿದ್ದೆ, ಎದುರಿನ ಕಿಟಕಿ ಅದರಲ್ಲಿ ಹೊಳೆಯಬಾರದು ಅಂತ. "ಮಿಂಚೇ ಇಲ್ವಲ್ಲೋ ಇದಕ್ಕೆ. ಇಷ್ಟು ದುಡ್ಡು ಕೊಟ್ಟು ಕ್ಯಾಮೆರಾ ತಗೊಂಡು ಏನ್ ಬಂತು?" ಅಂದರು. ಚಿಕ್ಕಮ್ಮನೂ ಅವರ ಕಡೆಯೇ. ವಾದ ಮಾಡಲಿಲ್ಲ, ಗ್ಲಾಸಿಯಲ್ಲೇ ಇನ್ನೊಂದು ತೆಗೆಸಿ ಕೊಟ್ಟೆ. ಗ್ಲಾಸಿ ಕಾಗದ ನಮ್ಮ ಕಡೆಯ ಮಳೆಗಾಲದಲ್ಲಿ ಫ್ರೇಮಿನ ಗಾಜಿಗೆ ಕಚ್ಚಿಕೊಂಡರೆ ಆಮೇಲೆ ಹರಿದೇ ತೆಗೆಯಬೇಕು. ಅದಕ್ಕೆ ನಡುವೆ ದಪ್ಪ ರಟ್ಟಿನ ಮೌಂಟ್ ಹಾಕಿಸಿದೆ. ಆ ರಟ್ಟಿನ ದುಡ್ಡು ದಂಡ ಅಂತ ಚಿಕ್ಕಪ್ಪ ಈಗಲೂ ಹೇಳುತ್ತಾರೆ.